ನಾಲ್ಕನೇ ಜ್ವರ

ಸುಗಟೂರಿನಲ್ಲಿ ಮುತ್ಯಾಲಮ್ಮನ ಬಾಯಿಗೆ ಹೆದರದ ಜೀವಗಳು ಎರಡೇ ಎರಡು. ಒಂದು ಅವಳ ಕೊಟ್ಟಿಗೆಯ ಸೀಮೆಹಸು, ಇನ್ನೊಂದು ಅವಳ ಗಂಡ ಚನ್ನರಾಯಪ್ಪ. ಹಸುವಿಗೆ ಮಾತು ತಿಳಿಯುತ್ತಿರಲಿಲ್ಲ, ಚನ್ನರಾಯಪ್ಪನಿಗೆ ಅಭ್ಯಾಸವಾಗಿಹೋಗಿತ್ತು. ಉಳಿದವರೆಲ್ಲ ಅವಳ ಮನೆಯ ಮುಂದೆ ಹಾಯುವಾಗ ಹೆಜ್ಜೆ ಚುರುಕು ಮಾಡುತ್ತಿದ್ದರು. ಆದರೆ ಯಾರ ಮನೆಯಲ್ಲಾದರೂ ರೇಷ್ಮೆಹುಳ ಸೊಪ್ಪು ಬಿಟ್ಟು ಸಪ್ಪಗೆ ಬಿದ್ದವೆಂದರೆ, ಅದೇ ಜನ ಅದೇ ಬಾಗಿಲಿಗೆ ಬಂದು "ಅಕ್ಕಾ, ಒಂದ್ ಗಳಿಗೆ ಬಂದು ನೋಡ್ತೀಯಾ" ಎಂದು ನಿಲ್ಲಬೇಕು. ಅವಳು ಬೈಯುತ್ತಲೇ ಹೋಗುತ್ತಿದ್ದಳು, ಬೈಯುತ್ತಲೇ ಹುಳದ ಒಂದೊಂದು ತಟ್ಟೆಯನ್ನೂ ಎಳೆದು ನೋಡುತ್ತಿದ್ದಳು. "ಒದ್ದೆ ಸೊಪ್ಪು ಹಾಕಿದ್ದೀಯಲ್ಲೇ, ನಿನ್ ಮಗೂಗೆ ಹಳಸಿದ್ ಅನ್ನ ಇಕ್ತೀಯಾ?" ಎಂದು ಆ ಮನೆಯ ಸೊಸೆಯನ್ನು ಅಳಿಸಿ, ಮಾಡಬೇಕಾದ್ದನ್ನು ಹೇಳಿ ಬರುತ್ತಿದ್ದಳು. ಬೈಸಿಕೊಂಡವರು ಬೆಳೆ ಬಂದ ಮೇಲೆ ಮಾತಿಲ್ಲದೆ ಒಂದು ಸೇರು ಹುರುಳಿ ಕಳಿಸುತ್ತಿದ್ದರು.

ಅಂಥ ಹೆಂಗಸಿಗೆ ಸೊಂಟ ಹೋಯಿತು. ಹಿಂದೊಂದು ಮಳೆಗಾಲದಲ್ಲಿ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನ ಮೇಲೆ ಕಾಲು ಜಾರಿ ಬಿದ್ದಿದ್ದಳು. ನಾಟಿ ಕಟ್ಟು ಹಾಕಿಸಿದರು, ನೋವು ಇಳಿಯಿತು, ಎದ್ದು ಓಡಾಡಿದಳು, ಎಲ್ಲರೂ ಮರೆತರು. ಸೊಂಟದ ಕೀಲು ಮಾತ್ರ ಮರೆತಿರಲಿಲ್ಲ. ಐವತ್ತು ದಾಟುವ ಹೊತ್ತಿಗೆ ಬಲಗಾಲು ಎತ್ತಿಟ್ಟರೆ ಸೊಂಟದೊಳಗೆ ಯಾರೋ ಮರ ಕೊಯ್ದಂತಾಗುತ್ತಿತ್ತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಹುಳದ ಮನೆಯ ಹೊಸ್ತಿಲು ಗೇಣುದ್ದ ಎತ್ತರ, ಅದನ್ನು ದಾಟಲೂ ಆಗುತ್ತಿರಲಿಲ್ಲ.

ಆಗ ಶುರುವಾದದ್ದು ಚನ್ನರಾಯಪ್ಪನ ಎತ್ತುವ ಕೆಲಸ. ಬೆಳಗ್ಗೆ ಹಾಸಿಗೆಯಿಂದ ಎತ್ತಬೇಕು, ಬಚ್ಚಲಿಂದ ಎತ್ತಬೇಕು, ಹೊಸ್ತಿಲು ದಾಟಿಸಬೇಕು, ಸೊಪ್ಪು ಹಾಕಿ ಮುಗಿದ ಮೇಲೆ ಮತ್ತೆ ದಾಟಿಸಬೇಕು. ಆತ ಹೊಲದಲ್ಲಿ ಕಳೆ ಕೀಳುತ್ತಿದ್ದರೂ ಅವಳ ದನಿ ಕೇಳಿದರೆ ಬಿಟ್ಟು ಓಡಿಬರುತ್ತಿದ್ದ. ಕಂಕುಳಲ್ಲಿ ಕೈ ಕೊಟ್ಟು "ಹೂಂ" ಎನ್ನುತ್ತಿದ್ದ, ಅವಳು "ಹಾಂ" ಎನ್ನುತ್ತಿದ್ದಳು, ಎದ್ದು ನಿಲ್ಲುತ್ತಿದ್ದಳು. "ಮೆಲ್ಲಗೆ ಎತ್ತಯ್ಯಾ, ನಾನೇನು ರಾಗಿ ಮೂಟೇನಾ?" ಎಂದು ಮೇಲೊಂದು ಮಾತು ಬೇರೆ. ಹೊರಗಿನವರ ಮುಂದೆ "ನಮ್ಮ ಯಜಮಾನ್ರು" ಎಂದು ಬಲು ಮರ್ಯಾದೆ, ಮನೆಯೊಳಗೆ "ನೀನು, ಏನಯ್ಯಾ, ಬಾರಯ್ಯಾ". ಅದು ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ.

ಎಂಬತ್ತಾರನೇ ಇಸವಿಯಲ್ಲಿ ಕೋಲಾರದ ಡಾಕ್ಟರು ಎಕ್ಸ್‌ರೇ ತೆಗೆಸಿ, ಇದು ನಮ್ಮ ಕೈಯಲ್ಲಿ ಆಗುವಂಥದ್ದಲ್ಲ ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕೀಲು ಪೂರ್ತಿ ಸವೆದುಹೋಗಿದೆಯಮ್ಮಾ. ತೆಗೆದು ಹೊಸದು ಹಾಕಬೇಕು" ಎಂದರು. ಆ ಮಾತು ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ಕೀಲು ಹೋಗಿ ಸೊಂಟವಾಗಿತ್ತು. ಮುತ್ಯಾಲಮ್ಮನ ಸೊಂಟ ತೆಗೆದು ಬೇರೆ ಸೊಂಟ ಇಡುತ್ತಾರಂತೆ ಎಂದು ಮಾರನೇ ಬೆಳಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಮಾತಾಡಿಕೊಂಡರು. ಹಾಗಾದರೆ ಮನುಷ್ಯನನ್ನು ಎರಡು ತುಂಡು ಮಾಡಿ ಮತ್ತೆ ಹೊಲಿಯುತ್ತಾರೆಯೇ ಎಂದು ಒಬ್ಬರು ಕೇಳಿದರು. ಡೇರಿಯ ಕೋದಂಡರಾಮಪ್ಪ ಎಲ್ಲ ತಿಳಿದವನ ಹಾಗೆ, "ಸತ್ತೋರ ಮೂಳೆ ತಂದು ಇಡ್ತಾರೆ ಕಣ್ರಲಾ, ಅದಕ್ಕೇ ಅಲ್ವಾ ಆಸ್ಪತ್ರೇಲಿ ಹೆಣ ಇಟ್ಕಳೋದು" ಎಂದುಬಿಟ್ಟ.

ಆ ಮಾತನ್ನು ಒಂದಕ್ಷರ ಬಿಡದೆ ಮನೆಗೆ ತಂದವಳು ಓರಗಿತ್ತಿ ಬೈರಮ್ಮ. ಚನ್ನರಾಯಪ್ಪನ ತಮ್ಮನ ಹೆಂಡತಿ. ಮನಸ್ಸು ಒಳ್ಳೆಯದು, ನಾಲಗೆಗೆ ಮಾತ್ರ ಮೂಗುದಾರ ಇಲ್ಲ. "ಅಕ್ಕಾ, ಯಾರ ಮೂಳೆ ಅಂತ ಕೇಳ್ಕಂಡು ಇಡಿಸ್ಕೋ. ನಾಳೆ ಆ ಸತ್ತೋರು ಕನಸಲ್ಲಿ ಬಂದು ನನ್ನದು ಕೊಡು ಅಂದ್ರೆ ಏನ್ಮಾಡ್ತೀಯಾ?" ಎಂದಳು.

"ನಿನ್ ಬಾಯಿಗಿಷ್ಟು ಮಣ್ಣು ಹಾಕ! ಹೋಗಿ ಸೊಪ್ಪು ಕೊಯ್ಯೋಗೇ" ಎಂದು ಮುತ್ಯಾಲಮ್ಮ ಗದರಿದಳು. ಗದರಿದ್ದೇನೋ ಸರಿ, ಎದೆಯೊಳಗೆ ಅವಲಕ್ಕಿ ಕುಟ್ಟತೊಡಗಿತ್ತು. ಹೆದರಿಕೆಯಾಗಿದೆ ಎಂದು ಬಾಯಿಬಿಟ್ಟು ಹೇಳಿ ಗೊತ್ತಿಲ್ಲದವಳು ಅವಳು. ಅಂಥವರಿಗೆ ಹೆದರಿಕೆ ಸಿಟ್ಟಾಗಿ ಹೊರಗೆ ಬರುತ್ತದೆ. ಆ ದಿನಗಳಲ್ಲಿ ಅವಳು ಹಸುವಿಗೆ ಬೈದಳು, ಒಲೆಗೆ ಬೈದಳು, ಕಾರಣವೇ ಇಲ್ಲದೆ ಚನ್ನರಾಯಪ್ಪನ ಮೀಸೆಗೂ ಬೈದಳು. ದೀಪ ಹಚ್ಚುವಾಗ ಊರ ಗಂಗಮ್ಮನಿಗೆ ಒಳಗೊಳಗೇ ಹರಕೆ ಕಟ್ಟಿಕೊಂಡಳು. ಆಪರೇಷನ್ ಚೆನ್ನಾಗಿ ಆಗಲಿ ಎಂದಲ್ಲ. ಏನಾದರೂ ಅಡ್ಡ ಬಂದು ಅದು ನಿಂತುಹೋಗಲಿ ಎಂದು.

ಅಡ್ಡ ಏನೂ ಬರಲಿಲ್ಲ, ಆಸ್ಪತ್ರೆಯಿಂದ ಕಾಗದ ಬಂತು. ಆಗ ಮನೆಯಲ್ಲಿ ಹುಳ ತುಂಬಿದ ತಟ್ಟೆಗಳು. ಅವನ್ನು ಬಿಟ್ಟು ಹೋಗುವುದೆಂದರೆ ಬಾಣಂತಿ ಕೂಸನ್ನು ಬಿಟ್ಟು ಹೋದ ಹಾಗೆ. ಬೈರಮ್ಮನಿಗೆ ನೂರೆಂಟು ಬುದ್ಧಿ ಹೇಳಿ, ಚನ್ನರಾಯಪ್ಪನ ಹೆಗಲು ಹಿಡಿದು ಬಸ್ಸು ಹತ್ತಿದಳು. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಆತ ಹುಳ ನೋಡಲು ಊರಿಗೆ ಮರಳಿದ. ಆಪರೇಷನ್ನಿನ ಹಿಂದಿನ ದಿನ ಬಂದು ಸೇರುತ್ತೇನೆಂದು ಮಾತು ಕೊಟ್ಟಿದ್ದ.

ವಾರ್ಡಿನಲ್ಲಿ ಪಕ್ಕದ ಮಂಚದವಳು ಮುಳಬಾಗಿಲಿನ ಶ್ಯಾಮಲಮ್ಮ. ಬಟ್ಟೆ ಅಂಗಡಿಯವರ ಮನೆಯ ಹೆಂಗಸು, ಮಾತಿನಲ್ಲಿ ಅರ್ಧ ತೆಲುಗು. ಅವಳಿಗೆ ಅದೇ ಆಪರೇಷನ್ ಆಗಿ, ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು ಹಿಡಿದು ಮೆಲ್ಲಗೆ ನಡೆಯಲು ಕಲಿಯುತ್ತಿದ್ದಳು. ಮುತ್ಯಾಲಮ್ಮ ಬಂದ ದಿನವೇ ಅವಳ ಮುಖ ನೋಡಿ, "ಏಮಮ್ಮಾ, ಭಯಮಾ?" ಎಂದು ಕೇಳಿದಳು.

"ಭಯಾನಾ? ನಂಗಾ?"

"ಸರಿ ಬಿಡು. ನಂಗಂತೂ ಆಗಿತ್ತು. ಹಿಂದಿನ ದಿನ ಸಿಸ್ಟರ್ ಕೈ ಹಿಡ್ಕಂಡು ಸಣ್ಣ ಮಗು ಥರ ಅತ್ತೆ. ನುಂಗಿಕೊಂಡ್ರೆ ಹೆಚ್ಚಾಗ್ತದಮ್ಮಾ. ಬಾಯಿಬಿಟ್ಟು ಹೇಳ್ಬಿಟ್ರೆ ಅರ್ಧ ಹೋಗ್ತದೆ."

ಮುತ್ಯಾಲಮ್ಮ ಬಾಯಿ ಬಿಡಲಿಲ್ಲ. ಆದರೆ ಸಂಜೆ ವಾರ್ಡಿನಲ್ಲಿ ಗದ್ದಲ ಇಳಿದ ಮೇಲೆ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದಳು. "ಏನಮ್ಮಾ, ನಿಂಗೆ ಯಾರ ಮೂಳೆ ಇಟ್ರು?"

ಶ್ಯಾಮಲಮ್ಮ ನಕ್ಕಳು ನೋಡಿ, ಹೊಲಿಗೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನಿನ್ನ! ಮೂಳೆ ಯಾರದೂ ಅಲ್ಲಮ್ಮಾ, ಸ್ಟೀಲು. ನಾವು ನೀರು ಕುಡಿಯೋ ಚೊಂಬಿಲ್ವಾ, ಅಂಥದ್ದು!"

ಮಾರನೇ ದಿನ ದೊಡ್ಡ ಡಾಕ್ಟರೇ ಒಂದು ಮಾದರಿ ತಂದು ತೋರಿಸಿದರು. ಒಂದು ಕಡೆ ಗೋಲಿ ಇದ್ದ ಸ್ಟೀಲಿನ ಮೊಳೆ, ಅದು ಕೂರುವುದಕ್ಕೊಂದು ಪ್ಲಾಸ್ಟಿಕ್ಕಿನ ಬಟ್ಟಲು. "ಒರಳಲ್ಲಿ ಗುಂಡುಕಲ್ಲು ತಿರುಗುತ್ತಲ್ಲ, ಹಾಗೆ" ಎಂದರು. ಮುತ್ಯಾಲಮ್ಮ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ತೂಕ ನೋಡಿದಳು. ಸತ್ತವರು ಕನಸಿನಲ್ಲಿ ಬರುವ ಹೆದರಿಕೆ ಅಲ್ಲಿಗೆ ಬಿಟ್ಟಿತು. ಅದರ ಜಾಗಕ್ಕೆ ಇನ್ನೊಂದು ಬಂತು. ಏಕೆಂದರೆ ಡಾಕ್ಟರು ಏಳುವಾಗ, "ಆಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲಮ್ಮಾ. ಕುಕ್ಕರಗಾಲು ಬೇಡ, ಚಕ್ಕಳಮಕ್ಕಳ ಬೇಡ. ಕುರ್ಚಿ ಮೇಲೇ ಕೂರಬೇಕು" ಎಂದಿದ್ದರು.

ನೆಲ ಬಿಟ್ಟು ಬದುಕುವುದು ಹೇಗೆ? ಉಣ್ಣುವುದು ನೆಲದ ಮೇಲೆ, ಒಲೆ ನೆಲದ ಮೇಲೆ, ಸೊಪ್ಪು ಕತ್ತರಿಸುವುದು ನೆಲದ ಮೇಲೆ. ಊರವರೆಲ್ಲ ಕೂತಿರುವಾಗ ತಾನೊಬ್ಬಳು ಅಮಲ್ದಾರರ ಹಾಗೆ ಕುರ್ಚಿ ಹಾಕಿ ಕೂರಬೇಕೇ? ಅದೂ ಆಪರೇಷನ್ ಮೇಜಿನ ಮೇಲಿಂದ ಜೀವಂತ ಎದ್ದು ಬಂದರೆ ತಾನೇ. ಎಚ್ಚರ ತಪ್ಪಿಸಲು ಮತ್ತು ಬರುವ ಚುಚ್ಚುಮದ್ದು ಕೊಡುತ್ತಾರಂತೆ, ಆ ಮತ್ತು ಇಳಿಯದೇ ಹೋದರೆ? ಅವಳು ಹೊದಿಕೆಯ ಅಂಚನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಕಾಲ ಕಳೆದಳು. ಅನ್ನ ಸೇರಲಿಲ್ಲ. ಗಂಗಮ್ಮನಿಗೆ ಹರಕೆಯನ್ನು ಇಮ್ಮಡಿ ಮಾಡಿದಳು.

ಹೇಳಿದ ಹಾಗೆ ಹಿಂದಿನ ದಿನ ಮಧ್ಯಾಹ್ನ ಚನ್ನರಾಯಪ್ಪ ಬಂದ. ಕೈಯಲ್ಲಿ ಚೀಲ, ತಲೆ ತುಂಬ ರಸ್ತೆಯ ಕೆಂಧೂಳು. ಮುತ್ಯಾಲಮ್ಮ ಅವನ ಕ್ಷೇಮ ಕೇಳಲಿಲ್ಲ. "ಹುಳ ಹೆಂಗವೆ?" ಎಂದಳು. ಆತ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೇರಳದ ಸಿಸ್ಟರ್ ಒಬ್ಬಳು ಥರ್ಮಾಮೀಟರು ಝಾಡಿಸುತ್ತ ಬಂದು, ಆಪರೇಷನ್ನಿಗೆ ಮೊದಲು ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು. "ಮನೆಯಲ್ಲಿ ಜ್ವರ ಉಂಟಾ? ಈಗ ಹತ್ತಿರದಲ್ಲಿ ಜ್ವರ ಬಂತಾ?"

ಇಲ್ಲಿ ಹುಳ ಸಾಕಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಲೇಬೇಕು. ರೇಷ್ಮೆಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗುತ್ತವೆ. ಹಳೆಯ ಚರ್ಮ ಕಳಚಿ ಏಳುತ್ತವೆ. ಅದು ರೋಗವಲ್ಲ, ಬೆಳವಣಿಗೆ. ಆದರೂ ನಮ್ಮ ಕಡೆ ಅದಕ್ಕೆ ಜ್ವರ ಎಂದೇ ಹೆಸರು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೆಯದು ಸುಸೂತ್ರ ಮುಗಿಯಿತೆಂದರೆ ಅರ್ಧ ಬೆಳೆ ಕೈಗೆ ಬಂದಂತೆ. ಬಸ್ಸಿನುದ್ದಕ್ಕೂ ಆ ಒಂದೇ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದ ಚನ್ನರಾಯಪ್ಪನಿಗೆ, ಬಿಳಿ ಬಟ್ಟೆಯ ಈ ಹುಡುಗಿಗೂ ಹುಳದ ಮೇಲೆ ಎಷ್ಟು ಕಾಳಜಿ ಎಂದು ಬಹಳ ಸಂತೋಷವಾಯಿತು.

"ಬಂದಿತ್ತು ಸಿಸ್ಟ್ರಮ್ಮಾ! ನಾಲ್ಕನೇ ಜ್ವರ."

"ನಾಲ್ಕಾ? ನಾಲ್ಕು ಸಲ ಬಂತಾ?"

"ನಾಲ್ಕು ಸಲ ಬರ್ಲೇಬೇಕಲ್ಲಮ್ಮಾ. ನಿನ್ನೆ ಬಿಡ್ತು. ಈಗ ಚೆನ್ನಾಗಿ ತಿಂತಾವೆ."

"ಮನೇಲಿ ಎಲ್ಲರಿಗೂ ಬಂತಾ?"

"ಎಲ್ಲಕ್ಕೂ! ಒಂದೂ ಬಿಟ್ಟಿಲ್ಲ. ಎಲ್ಲಾ ಒಟ್ಟಿಗೆ ಮಲಗಿ ಒಟ್ಟಿಗೆ ಎದ್ವು."

ಸಿಸ್ಟರಿನ ಕಣ್ಣು ಅಗಲವಾಯಿತು. ಬಿರಬಿರನೆ ಹೊರಟುಹೋದಳು. ಗಂಡ ಹೆಂಡತಿಗೆ ಅದರ ಕಡೆ ಗಮನವೇ ಇಲ್ಲ. ಸೊಪ್ಪು ಸಾಲುತ್ತದೆಯೇ, ಬೈರಮ್ಮ ಕಸ ತೆಗೆಯುತ್ತಿದ್ದಾಳೆಯೇ ಎಂದು ಮಾತಾಡಿದರು. ಆಮೇಲೆ ಚನ್ನರಾಯಪ್ಪ ಕಾಫಿ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಆತ ಆಚೆ ಹೋದ ಸ್ವಲ್ಪ ಹೊತ್ತಿಗೆ ಚಿಕ್ಕ ಡಾಕ್ಟರು ಬಂದರು. "ಅಮ್ಮಾ, ನಾಳೆ ನಿಮ್ಮ ಆಪರೇಷನ್ ಇಲ್ಲ. ನಿಮ್ಮ ಮನೇಲಿ ಎಲ್ಲರಿಗೂ ಜ್ವರ ಅಂತೆ, ನಾಲ್ಕು ಸಲ ತಿರುಗಿ ಬಂದಿದೆಯಂತೆ. ಇಂಥ ಹೊತ್ತಲ್ಲಿ ಕೀಲು ಹಾಕಿದ್ರೆ ಒಳಗೆ ಕೀವು ಕಟ್ಟುತ್ತೆ. ನಿಮ್ಮ ಬದಲು ಬೇರೆಯವರನ್ನ ತಗೊಳ್ತೀವಿ. ಊರಿಗೆ ಹೋಗಿ, ಮತ್ತೆ ಯಾವಾಗ ಅಂತ ಕಾಗದ ಬರೀತೀವಿ. ಸಂಜೆ ಹೊರಡಬಹುದು."

ಮುತ್ಯಾಲಮ್ಮನಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಮನೆಯಲ್ಲಿ ಯಾರಿಗೆ ಜ್ವರ? ಆಮೇಲೆ ಥಟ್ಟನೆ ಹೊಳೆಯಿತು. ಹೇಳಲು ಬಾಯಿ ತೆರೆದಳು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದಳು. ಸುಗಟೂರಿನವರು ಯಾರಾದರೂ ಅಲ್ಲಿದ್ದಿದ್ದರೆ ಕಣ್ಣುಜ್ಜಿಕೊಂಡು ನೋಡುತ್ತಿದ್ದರು.

ಡಾಕ್ಟರು ಹೋದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ತಾಯಿ ಗಂಗಮ್ಮಾ, ಕಣ್ಣು ಬಿಟ್ಟೆಯಲ್ಲೇ! ನಾನೇನೂ ಸುಳ್ಳು ಹೇಳಲಿಲ್ಲ, ಅವರೇ ಕೇಳಿದರು, ಅವರೇ ತಿಳಿದುಕೊಂಡರು, ಅವರೇ ಬೇಡ ಎಂದರು. ನನ್ನದೇನಿದೆ ಇದರಲ್ಲಿ? ಬೆಳಗಿನಿಂದ ಮುಟ್ಟದ ಬ್ರೆಡ್ಡನ್ನು ತೆಗೆದುಕೊಂಡು ಪೂರ್ತಿ ತಿಂದಳು. ಶ್ಯಾಮಲಮ್ಮ ಪಕ್ಕದಿಂದ ಸುಮ್ಮನೆ ನೋಡುತ್ತಿದ್ದಳು.

ಚನ್ನರಾಯಪ್ಪ ಬಂದವನೇ ವಿಷಯ ಕೇಳಿ ಮಂಚದ ಅಂಚಿನಲ್ಲಿ ಕುಸಿದು ಕೂತ. ಅವನಿಗೂ ಗೊಂದಲ ಬಿಡಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಚನ್ನರಾಯಪ್ಪನ ಮೀಸೆಯಡಿಯಲ್ಲಿ ನಗು ಬಂತು.

"ಹೋಗ್ಲಿ ಬಿಡು, ಒಳ್ಳೇದೇ ಆಯ್ತು" ಎಂದ. "ನಿಂಗೆ ಹೇಳಿರ್ಲಿಲ್ಲ ಕಣೇ. ಇದು ಹೆಂಗಾದ್ರೂ ತಪ್ಪಿಹೋಗ್ಲಿ ಅಂತ ನಾನು ಗಂಗಮ್ಮಂಗೆ ಹರಕೆ ಕಟ್ಕಂಡಿದ್ದೆ. ನೀನಿಲ್ದೆ ನಂಗೆ ಏನೈತೆ? ಕಾಲು ಹೆಂಗಾನಾ ಇರ್ಲಿ, ನೀನಿದ್ರೆ ಸಾಕು. ನಾನಿಲ್ವಾ ಎತ್ತೋಕೆ?"

ಮದುವೆಯಾದಾಗಿನಿಂದ ಆತ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಮುತ್ಯಾಲಮ್ಮನಿಗೆ ನೆನಪಿಲ್ಲ.

"ಏಳು, ಹೊರಡನ. ಕೊನೇ ಬಸ್ಸು ಸಿಗ್ತದೆ" ಎಂದು ಆತ ಎಂದಿನಂತೆ ಬಗ್ಗಿ ಕಂಕುಳಲ್ಲಿ ಕೈ ಕೊಟ್ಟ. "ಹೂಂ" ಎಂದ. ಅವಳು "ಹಾಂ" ಎಂದಳು. ಆದರೆ ಏಳಲಾಗಲಿಲ್ಲ. ಆತ ಇನ್ನೊಮ್ಮೆ "ಹೂಂ" ಎಂದ. ಅವನ ತೋಳು ನಡುಗಿದ್ದು ಅವಳ ಪಕ್ಕೆಗೆ ತಿಳಿಯಿತು. ತನ್ನದೇ ನಡ ಹಿಡಿದುಕೊಂಡಿದ್ದನ್ನು ಮರೆಸಲು ಆತ ಕೆಮ್ಮಿದ. ಮುಖ ಇಷ್ಟು ಹತ್ತಿರವಿತ್ತು, ಕುತ್ತಿಗೆಯ ನರ ಉಬ್ಬಿದ್ದು, ಗಡ್ಡವೆಲ್ಲ ಬೆಳ್ಳಗಾಗಿದ್ದು ಕಂಡಿತು. ತನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ತನ್ನ ನೋವನ್ನೇ ನೋಡಿಕೊಂಡು ಅವನ ಕಡೆ ಕಣ್ಣು ಹಾಯಿಸಿಯೇ ಇರಲಿಲ್ಲವಲ್ಲ ಎನ್ನಿಸಿತು.

"ಇನ್ನೂ ಎಷ್ಟು ದಿನ ಎತ್ತೀಯಾ?" ಎಂದು ಕೇಳಿದಳು.

"ಜೀವ ಇರೋಗಂಟ ಎತ್ತೀನಿ."

"ಆಮೇಲೆ?"

ಚನ್ನರಾಯಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ಮತ್ತೆ ಕೈ ಹಾಕಲು ಬಂದ.

"ಬಿಡಯ್ಯಾ. ಬಿಡು ಅಂದೆ. ಹೋಗಿ ಆ ಸಿಸ್ಟ್ರನ್ನ ಕರಿ" ಎಂದಳು. ಆತ ಅಲ್ಲಾಡದೆ ನಿಂತಿದ್ದ. "ಕರಿ ಅಂದ್ರೆ ಕೇಳಲ್ವಾ? ನನ್ ಮನಸು ತಿರುಗೋದ್ರೊಳಗೆ ಹೋಗಿ ಕರಿ."

ಸಿಸ್ಟರಿಗೆ ಹೇಳಿ ಮುಗಿಯಲಿಲ್ಲ. ಹುಳಕ್ಕೆ ಜ್ವರ ಎಂದಾಗ ಅವಳು, ಆ ಹುಳ ಹೊಟ್ಟೆಯದೋ ಎಂದು ಕೇಳಿದಳು. ಶ್ಯಾಮಲಮ್ಮ ನಡುವೆ ಬಂದು ಬಿಡಿಸಲು ಹೋಗಿ, ತೆಲುಗು ಬೆರೆಸಿ, ಇನ್ನೂ ಗಂಟಾಯಿತು. ಕಡೆಗೆ ದೊಡ್ಡ ಡಾಕ್ಟರೇ ಬರಬೇಕಾಯಿತು. ಅವರ ತಾಯಿಯ ಕಡೆಯವರೂ ಹುಳ ಸಾಕಿದವರೇ ಇರಬೇಕು, ಮೊದಲ ಮಾತಿಗೇ ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಿಕ್ಕ ಡಾಕ್ಟರು ಕಿವಿಯೆಲ್ಲ ಕೆಂಪಾಗಿ ನಿಂತಿದ್ದರು. ಪಾಪ, ಆತನದೇನೂ ತಪ್ಪಿಲ್ಲ.

ನಗು ನಿಂತ ಮೇಲೆ ದೊಡ್ಡ ಡಾಕ್ಟರು ಕೇಳಿದರು. "ಅಲ್ಲಮ್ಮಾ, ಸುಮ್ಮನಿದ್ದಿದ್ರೆ ಈ ಹೊತ್ತಿಗೆ ಬಸ್ಸಲ್ಲಿ ಇರ್ತಿದ್ರಿ. ನಿಮಗೆ ಭಯ ಇಲ್ವಾ?"

"ಇದೆ ಸಾರ್" ಎಂದಳು ಮುತ್ಯಾಲಮ್ಮ. ಅಂದ ಮೇಲೆ ತಡೆಯಲಾಗಲಿಲ್ಲ, ಕಟ್ಟೆ ಒಡೆದ ಹಾಗೆ ಬಂತು. "ಬೇಜಾನ್ ಭಯ ಇದೆ. ಬಂದಾಗಿಂದ ನಿದ್ದೆ ಇಲ್ಲ, ಅನ್ನ ಇಳಿಯಲ್ಲ. ಮತ್ತು ಇಳಿಯದೇ ಸತ್ತೋಗ್ತೀನಿ ಅಂತ ಭಯ. ಕುರ್ಚಿ ಮೇಲೆ ಕೂರೋಕೆ ಭಯ. ಆದ್ರೆ ನಮ್ಮ ಯಜಮಾನ್ರು ನನ್ನ ಎತ್ತೀ ಎತ್ತೀ ಸೋತೋಗವ್ರೆ. ಅವ್ರೂ ಬಿದ್ರೆ ನಮ್ಮಿಬ್ರನ್ನೂ ಎತ್ತೋರು ಯಾರು? ನಾಳೆನೇ ಮಾಡ್ಬಿಡಿ."

ಡಾಕ್ಟರು ಅವಳ ಕೈಯನ್ನು ಹಿಡಿದುಕೊಂಡು ಕೂತರು. ನಾಳೆಯ ಪಟ್ಟಿಗೆ ಅವಳ ಹೆಸರನ್ನು ಮತ್ತೆ ಬರೆಸಿದರು. ಮತ್ತು ಕೊಡುವ ಡಾಕ್ಟರನ್ನು ಕರೆಸಿ, ಏನು ಕೊಡುತ್ತಾರೆ, ಹೇಗೆ ಎಬ್ಬಿಸುತ್ತಾರೆ ಎಲ್ಲ ಹೇಳಿಸಿದರು. ಮುತ್ಯಾಲಮ್ಮ ಒಂದನ್ನೂ ಬಿಡದೆ ಕೇಳಿದಳು, ಒಂದೆರಡನ್ನು ಎರಡು ಸಲ ಕೇಳಿದಳು. ಹೆದರಿಕೆ ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಹೋಯಿತು. ಮಿಕ್ಕರ್ಧವನ್ನು ಇಟ್ಟುಕೊಂಡೇ ಅವಳು ಬೆಳಗ್ಗೆ ತಳ್ಳುಗಾಡಿಯ ಮೇಲೆ ಮಲಗಿದಳು. ಬಾಗಿಲ ಬಳಿ ಚನ್ನರಾಯಪ್ಪನ ಮುಖ ನೋಡಿ, "ಮೀಸೆ ಒರೆಸ್ಕೋ, ಕಾಫಿ ಮೆತ್ತೈತೆ" ಎಂದಳು. ಅಷ್ಟರಲ್ಲಿ ಗಾಡಿ ಒಳಗೆ ಹೋಯಿತು.

ಮತ್ತು ಇಳಿಯಿತು. ನೋವು ಬಂತು, ವಾಂತಿ ಬಂತು. ಚೌಕಟ್ಟು ಹಿಡಿದು ನಡೆಯಲು ಕಲಿಸುವವನಿಗೆ ಬೈಗುಳದ ಸುರಿಮಳೆಯೇ ಬಂತು. ಶ್ಯಾಮಲಮ್ಮ ಮುಳಬಾಗಿಲಿಗೆ ಹೊರಡುವ ದಿನ ಇಬ್ಬರೂ ಒಬ್ಬರ ಹೆಗಲು ಒಬ್ಬರು ತಬ್ಬಿ ಅತ್ತರು. ಊರಿನಲ್ಲಿ ಬೈರಮ್ಮ ಗೂಡು ಬಿಡಿಸಿ ಮಾರಿಸಿ, ಆ ಬೆಳೆ ತನ್ನಿಂದಲೇ ಬಂದದ್ದೆಂದು ಡೇರಿಯ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು.

ಮುತ್ಯಾಲಮ್ಮ ಊರಿಗೆ ಬಂದು ಮೊದಲು ಚೌಕಟ್ಟು ಹಿಡಿದಳು, ಆಮೇಲೆ ಕೋಲು. ಮುಂದಿನ ಬೆಳೆಯ ಹುಳ ಮನೆಗೆ ಬಂದ ಬೆಳಗ್ಗೆ ಅಂಗಳದ ಕುರ್ಚಿಯಿಂದ ಎದ್ದು, ಹುಳದ ಮನೆಯ ಕಡೆ ಹೊರಟಳು. ಹೊಸ್ತಿಲ ಮುಂದೆ ಅವಳು ನಿಂತದ್ದನ್ನು ಹೊಲದಲ್ಲಿದ್ದ ಚನ್ನರಾಯಪ್ಪ ಕಂಡ. ಕುಡುಗೋಲು ಅಲ್ಲೇ ಎಸೆದು, ಏದುಸಿರು ಬಿಡುತ್ತ ಓಡಿಬಂದು, ಬಗ್ಗಿ ಎರಡೂ ಕೈ ಮುಂದೆ ಚಾಚಿದ. "ಹೂಂ" ಎಂದ.

ಅವಳು ಕೋಲು ಊರಿದಳು. ಒಳ್ಳೆಯ ಕಾಲು ಮೊದಲು ಇಟ್ಟಳು, ಆಪರೇಷನ್ ಆದ ಕಾಲು ಆಮೇಲೆ ಎತ್ತಿದಳು, ಹೊಸ್ತಿಲು ದಾಟಿ ಆಚೆ ನಿಂತಳು. ತಿರುಗಿ ನೋಡಿದರೆ ಚನ್ನರಾಯಪ್ಪ ಚಾಚಿದ ಕೈ ಚಾಚಿಕೊಂಡೇ ಇದ್ದ. ಎತ್ತುವುದಕ್ಕೆ ಏನೂ ಇರಲಿಲ್ಲ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಹೆಗಲ ಮೇಲಿನ ಟವೆಲು ತೆಗೆದು ಮುಖ ಮುಚ್ಚಿಕೊಂಡ.

"ಅಳೋಕೇನಾಯ್ತು ಈಗ?" ಎಂದಳು ಮುತ್ಯಾಲಮ್ಮ. "ಆ ಮೂಲೇಲಿರೋ ಸ್ಟೂಲು ಎತ್ತಿ ತಂದು ಹಾಕು. ಹಾಕಿಬಿಟ್ಟು ನೀನು ಒಂದ್ ಗಳಿಗೆ ಕೂತ್ಕೋ."